‘ದಿ ವೈರ್’ನಲ್ಲಿ ರಾಜಕೀಯ ಎಲ್ಲಿದೆ?

ಪ್ರಶ್ನೆ: ಎಲ್ಲರೂ ಅಷ್ಟು ಹೊಗಳುತ್ತಾರಲ್ಲ ಅಂತ, ಅಮೆರಿಕದ ಬಾಲ್ಟಿಮೋರ್ ನಗರದ ಕಥೆ ಹೇಳುವ ಟಿವಿ ಸೀರಿಯಲ್ ‘ದಿ ವೈರ್’ ನೋಡಲು ಶುರು ಮಾಡಿದೆ. ನಾಲ್ಕು ಎಪಿಸೋಡ್ ಆಯಿತು. ಪೊಲೀಸರು ನೆಲಮಾಳಿಗೆಯಲ್ಲಿ ಕೂತು ಜಗಳ ಆಡುತ್ತಾರೆ, ಹುಡುಗರು ಹಳೇ ಸೋಫಾ ಮೇಲೆ ಕೂತು ಡ್ರಗ್ಸ್ ಮಾರುತ್ತಾರೆ. ಇದರಲ್ಲಿ ರಾಜಕೀಯ, ಸಮಾಜ ಅಂತೆಲ್ಲ ಎಲ್ಲಿದೆ? ಇನ್ನೊಂದು ವಿಷಯ. ಇದು ಕ್ರಿಮಿನಲ್‌ಗಳ ಪರ ವಕಾಲತ್ತು ಮಾಡುವ ಸೀರಿಯಲ್ ಅಂತ ನನ್ನ ತಮ್ಮ ವಾದಿಸುತ್ತಾನೆ. ನಿಜವಾ?

ಉತ್ತರ: ತಮ್ಮನ ಮಾತಿಗೆ ಮೊದಲು ಅರ್ಧ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ಇದು ಯಾರ ಪರವೂ ವಕಾಲತ್ತು ಮಾಡುವುದಿಲ್ಲ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ. ಮುಂದೆ ಕಥೆಯ ಕೆಲವು ವಿಷಯ ಹೇಳಲೇಬೇಕಾಗುತ್ತದೆ, ಆದರೆ ಮುಖ್ಯ ಪಾತ್ರಗಳಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಅಂತ ಹೇಳಲ್ಲ, ಹೆದರಬೇಡಿ.

ರಾಜಕೀಯ ಅಂದ ತಕ್ಷಣ ನಾವು ಭಾಷಣ, ಚುನಾವಣೆ, ಲಂಚ ತಿನ್ನುವ ನಾಯಕ ಇವನ್ನೇ ಹುಡುಕುತ್ತೇವೆ. ಅವೆಲ್ಲ ಜಾಸ್ತಿ ಬರುವುದು ಮೂರನೇ ಸೀಸನ್‌ನಿಂದ. ಅಲ್ಲಿವರೆಗೆ ಕಾಯಬೇಕಿಲ್ಲ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮನುಷ್ಯನ ತಲೆ ಮೇಲೆ ಕೂತವರು ಇವನಿಂದ ಯಾವ ಅಂಕಿ ಕೇಳುತ್ತಿದ್ದಾರೆ? ಎಷ್ಟು ಬಂಧನ, ಎಷ್ಟು ಕೊಲೆ ಕೇಸು ಮುಗಿಸಿದೆ, ಎಷ್ಟು ಮಕ್ಕಳು ಪರೀಕ್ಷೆ ಪಾಸು, ಎಷ್ಟು ವೋಟು. ಆ ಅಂಕಿ ಸಿಕ್ಕರೆ ರಾಜಕೀಯ ಸಿಕ್ಕ ಹಾಗೆ. 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ, 5 ಸೀಸನ್, 60 ಎಪಿಸೋಡ್‌ಗಳಲ್ಲಿ ಈ ಸೀರಿಯಲ್ ಹೇಳುವುದು ಹೆಚ್ಚುಕಮ್ಮಿ ಇದೊಂದನ್ನೇ. ಮಾಡಬೇಕಾದ ಕೆಲಸ ಒಂದು, ಅಳೆಯುವ ಅಂಕಿ ಇನ್ನೊಂದು. ಕೊನೆಗೆ ಅಂಕಿ ಕೆಲಸವನ್ನು ನುಂಗಿಬಿಡುತ್ತದೆ.

ನೀವು ಈಗಾಗಲೇ ನೋಡಿದ ಭಾಗದಲ್ಲೇ ಇದು ಇದೆ. ಆ ತನಿಖಾ ತಂಡ ಹುಟ್ಟಿದ್ದು ಹೇಗೆ, ನೆನಪಿಸಿಕೊಳ್ಳಿ. ಪತ್ತೇದಾರ ಮೆಕ್‌ನಲ್ಟಿ ಜಡ್ಜ್ ಹತ್ತಿರ ಹೋಗಿ, ಡ್ರಗ್ಸ್ ಮಾರುವ ಬಾರ್ಕ್ಸ್‌ಡೇಲ್ ಗ್ಯಾಂಗಿನ ಬಗ್ಗೆ ಬಾಯಿ ಬಿಡುತ್ತಾನೆ, ಜಡ್ಜ್ ಪೊಲೀಸ್ ದೊಡ್ಡವರಿಗೆ ಫೋನ್ ಮಾಡಿ ಕೇಳುತ್ತಾನೆ, ಅವರಿಗೆ ಮುಜುಗರ ಆಗುತ್ತದೆ. ಮುಜುಗರ ತಪ್ಪಿಸಿಕೊಳ್ಳಲು ಒಂದು ತಂಡ ಮಾಡುತ್ತಾರೆ. ಬೇರೆ ಬೇರೆ ವಿಭಾಗಗಳಿಂದ ಜನ ಕಳಿಸಿ ಅಂದಾಗ ಎಲ್ಲರೂ ತಮಗೆ ಬೇಡವಾದವರನ್ನು, ಕುಡುಕರನ್ನು, ನಿವೃತ್ತಿಗೆ ದಿನ ಎಣಿಸುತ್ತಿರುವವರನ್ನು ಆರಿಸಿ ಕಳಿಸುತ್ತಾರೆ. ಮೇಲಿನವರಿಗೆ ಬೇಕಾಗಿರುವುದು ಬೇಗ ಒಂದಷ್ಟು ಜನರನ್ನು ಹಿಡಿದು, ಡ್ರಗ್ಸ್ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿ ಕ್ಯಾಮೆರಾಗಳಿಗೆ ತೋರಿಸುವುದು. ಫೋನ್ ಕದ್ದಾಲಿಸಬೇಕು ಅಂದರೆ ಅಮೆರಿಕದ 1968ರ ಕಾನೂನಿನ ಪ್ರಕಾರ ಬೇರೆ ದಾರಿಗಳೆಲ್ಲ ಕೆಲಸಕ್ಕೆ ಬರಲಿಲ್ಲ ಅಂತ ಜಡ್ಜ್‌ಗೆ ತೋರಿಸಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕೇಸಿಗೆ ಬೇಕಾದ ಸಮಯ ಒಂದು, ಮೇಲಧಿಕಾರಿಗೆ ಬೇಕಾದ ಸಮಯ ಇನ್ನೊಂದು. ಮೊದಲ ಸೀಸನ್ನಿನ ಜಗಳವೆಲ್ಲ ಇಷ್ಟೇ, ಅದಕ್ಕೇ ನೆಲಮಾಳಿಗೆಯಲ್ಲಿ ಅಷ್ಟೊಂದು ಮಾತು.

ಇದನ್ನು ಬರೆದವರು ಯಾರು ಅನ್ನುವುದೂ ಮುಖ್ಯ. ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ವರ್ಷಗಟ್ಟಲೆ ಕ್ರೈಮ್ ವರದಿಗಾರನಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನಲ್ಲಿ ಸುಮಾರು 20 ವರ್ಷ ಪೊಲೀಸ್, ಆಮೇಲೆ ಸರ್ಕಾರಿ ಶಾಲೆಯ ಮೇಷ್ಟ್ರು. ಹಾಗಾಗಿ ಕಚೇರಿಯ ಒಳಗಿನ ಸಣ್ಣತನ ಇಬ್ಬರಿಗೂ ಚೆನ್ನಾಗಿ ಗೊತ್ತು.

ಬರವಣಿಗೆ ಕಲಿಯಲು ಬರುವವರಿಗೆ ನಾನು ಯಾವಾಗಲೂ ತೋರಿಸುವುದು ಎರಡನೇ ಸೀಸನ್ನಿನ ಆರಂಭ. ಮೆಕ್‌ನಲ್ಟಿಯನ್ನು ಬಂದರಿನ ಗಸ್ತು ದೋಣಿಗೆ ಎಸೆದಿರುತ್ತಾರೆ (ಯಾಕೆ ಅಂತ ನೀವೇ ಊಹಿಸಬಹುದು). ನೀರಿನಲ್ಲಿ ಒಬ್ಬ ಹೆಂಗಸಿನ ಹೆಣ ತೇಲುತ್ತಾ ಸಿಗುತ್ತದೆ. ಅವನ ಹಳೇ ಬಾಸ್ ರಾಲ್ಸ್ ಅದನ್ನು ನಾಜೂಕಾಗಿ ಪಕ್ಕದ ಕೌಂಟಿಯ ಪೊಲೀಸರ ತಲೆಗೆ ಕಟ್ಟುತ್ತಾನೆ. ನಮ್ಮ ಲೆಕ್ಕಕ್ಕೆ ಒಂದು ಕೊಲೆ ಕಮ್ಮಿ, ಅಷ್ಟೇ. ಮೆಕ್‌ನಲ್ಟಿ ಏನು ಮಾಡುತ್ತಾನೆ ಗೊತ್ತಾ? ಉಬ್ಬರ ಇಳಿತದ ಪಟ್ಟಿ, ಗಾಳಿಯ ದಿಕ್ಕು ಎಲ್ಲ ಹರವಿಕೊಂಡು ಕೂತು, ಹೆಣ ನೀರಿಗೆ ಬಿದ್ದಿದ್ದು ನಗರದ ವ್ಯಾಪ್ತಿಯಲ್ಲೇ ಅಂತ ಸಾಬೀತು ಮಾಡಿ ಫ್ಯಾಕ್ಸ್ ಕಳಿಸುತ್ತಾನೆ. ಅಷ್ಟರಲ್ಲಿ ಬಂದರಿನ ಒಂದು ಕಂಟೇನರ್‌ನಲ್ಲಿ ಇನ್ನೂ 13 ಹೆಂಗಸರ ಹೆಣ ಸಿಗುತ್ತವೆ. ಅದು ಬರೀ ಅಪಘಾತ ಅಂದುಕೊಂಡು ಎಲ್ಲರೂ ನಿಟ್ಟುಸಿರು ಬಿಡುತ್ತಿರುವಾಗ, ಗಾಳಿ ಬರುವ ಕೊಳವೆಯನ್ನು ಬೇಕಂತಲೇ ಜಜ್ಜಿ ಮುಚ್ಚಿದ್ದಾರೆ, ಇವೂ ಕೊಲೆಗಳು, ಇವೂ ನಿಮ್ಮವೇ ಅಂತ ತೋರಿಸುತ್ತಾನೆ. ರಾಲ್ಸ್ ಲೆಕ್ಕದಲ್ಲಿ ಒಟ್ಟು 14 ಬಗೆಹರಿಯದ ಕೊಲೆ.

ಈಗ ಗಮನಿಸಿ. ಮೆಕ್‌ನಲ್ಟಿ ಇದನ್ನು ನ್ಯಾಯಕ್ಕಾಗಿ ಮಾಡಲಿಲ್ಲ. ಬಾಸ್ ಮೇಲಿನ ಸಿಟ್ಟಿಗೆ ಮಾಡಿದ. ಹದಿನಾಲ್ಕು ಜೀವ ಅವನ ಕೈಯಲ್ಲೂ ಅಂಕಿಯೇ ಆಯಿತು, ಹೊಡೆಯಲು ಒಂದು ಕೋಲು. ಆಮೇಲೆ ಆ ಮೊದಲ ಹೆಂಗಸಿನ ಹೆಸರು ಹುಡುಕಲು ಅಲೆಯುತ್ತಾನೆ, ಸಿಗುವುದಿಲ್ಲ. ಬೇರೆ ಪೊಲೀಸ್ ಸೀರಿಯಲ್ ಆಗಿದ್ದರೆ ಇಲ್ಲಿ ಹೀರೋ ಕೆಟ್ಟ ಅಧಿಕಾರಿಗೆ ಒಂದು ಡೈಲಾಗ್ ಹೊಡೆಯುತ್ತಿದ್ದ. ಇಲ್ಲಿ ಹೀರೋನೂ ಅದೇ ಲೆಕ್ಕದ ಪುಸ್ತಕದಲ್ಲೇ ಆಟ ಆಡುತ್ತಾನೆ.

ಅದೇ ಸೀಸನ್ನಿನಲ್ಲಿ ಹಡಗು ಕಾರ್ಮಿಕರ ಯೂನಿಯನ್ ಮೇಲೆ ತನಿಖೆ ಶುರುವಾಗುವುದು ಯಾಕೆ ಅಂದರೆ ಚರ್ಚಿನ ಬಣ್ಣದ ಗಾಜಿನ ಕಿಟಕಿಗಾಗಿ! ಯಾರ ಹೆಸರಿನ ಕಿಟಕಿ ಎಲ್ಲಿ ಕೂರಬೇಕು ಅಂತ ಒಬ್ಬ ಪೊಲೀಸ್ ಮೇಜರ್‌ಗೂ ಯೂನಿಯನ್ ನಾಯಕ ಫ್ರ್ಯಾಂಕ್ ಸೊಬೊಟ್ಕಾಗೂ ಜಿದ್ದು. ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸೊಬೊಟ್ಕಾ ಕಂಟೇನರ್‌ಗಳನ್ನು ಕಳ್ಳತನದಲ್ಲಿ ದಾಟಿಸುತ್ತಾನೆ, ಆದರೆ ಆ ದುಡ್ಡು ಅವನ ಮನೆಗೆ ಹೋಗುವುದಿಲ್ಲ. ರಾಜಕಾರಣಿಗಳಿಗೆ, ಲಾಬಿ ಮಾಡುವವನಿಗೆ ಹೋಗುತ್ತದೆ. ಕಾಲುವೆ ಹೂಳು ತೆಗೆಸಿ, ಧಾನ್ಯ ತುಂಬುವ ಹಡಗುಕಟ್ಟೆ ಮತ್ತೆ ಶುರು ಮಾಡಿಸಿ, ತನ್ನ ಜನಕ್ಕೆ ಕೆಲಸದ ದಿನ ಹೆಚ್ಚಿಸಬೇಕು ಅಂತ. ಬಾಲ್ಟಿಮೋರ್ ಜನಸಂಖ್ಯೆ 1950ರಲ್ಲಿ ಸುಮಾರು 9.5 ಲಕ್ಷ ಇತ್ತು, 2000ದ ಹೊತ್ತಿಗೆ 6.5 ಲಕ್ಷಕ್ಕೆ ಇಳಿದಿತ್ತು. ಉಕ್ಕಿನ ಕೆಲಸ ಹೋಯಿತು, ಬಂದರಿನ ಕೆಲಸ ಯಂತ್ರಕ್ಕೆ ಹೋಯಿತು. ಬಿಳಿ ಕಾರ್ಮಿಕನ ಮಗನೂ ಕೊನೆಗೆ ಅದೇ ಡ್ರಗ್ಸ್ ಮೂಲೆಗೆ ಬಂದು ನಿಲ್ಲುತ್ತಾನೆ.

ಚರ್ಮದ ಬಣ್ಣದ ವಿಷಯ ಹೇಳದೆ ಮುಂದೆ ಹೋಗಲಾಗುವುದಿಲ್ಲ, ಆದರೆ ಸೀರಿಯಲ್ ಇದನ್ನು ಬಾಯಿಬಿಟ್ಟು ಹೇಳುವುದು ತುಂಬಾ ಕಡಿಮೆ. ಯಾವ ಮನೆ ಯಾರಿಗೆ ಅಂತ ಬಣ್ಣ ನೋಡಿ ಬೀದಿ ಬೀದಿ ಬೇರೆ ಮಾಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದ ದೊಡ್ಡ ನಗರ ಬಾಲ್ಟಿಮೋರ್, 1910ರಲ್ಲಿ. 1917ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ಹೊಡೆದುಹಾಕಿತು. ಆದರೂ 1930ರ ದಶಕದಲ್ಲಿ ಕಪ್ಪು ಜನ ಇರುವ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯ ಅಂತ ನಕ್ಷೆಯಲ್ಲಿ ಕೆಂಪು ಬಳಿದರು. ನೀವು ನೋಡುವ ಸಾಲು ಸಾಲು ಹಲಗೆ ಹೊಡೆದ ಖಾಲಿ ಮನೆಗಳ ಹಿಂದೆ ಇದೆಲ್ಲ ಇದೆ. ಆ ಮನೆಗಳು ನಾಲ್ಕನೇ ಸೀಸನ್ನಿನಲ್ಲಿ ಕಥೆಯೊಳಗೇ ಬರುತ್ತವೆ. ಅಲ್ಲಿ ಲೆಸ್ಟರ್ ಫ್ರೀಮನ್ ಅನ್ನುವ ಪತ್ತೇದಾರ ಒಂದು ಬಾಗಿಲಿಗೆ ಹೊಡೆದ ಮೊಳೆ ನೋಡಿ, ಒಳಗೆ ಹೆಣ ಇದೆ ಅಂತ ಕಂಡುಹಿಡಿಯುತ್ತಾನೆ. ಅವನ ಸಾರ್ಜೆಂಟ್‌ಗೆ ಅದು ಸುತರಾಂ ಬೇಡ. ವರ್ಷ ಮುಗಿಯಲು ಸ್ವಲ್ಪ ದಿನ ಇದೆ, ಈಗ ಹೊಸ ಹೆಣ ತೆಗೆದರೆ ಬಗೆಹರಿದ ಕೇಸುಗಳ ಪ್ರಮಾಣ ಬಿದ್ದುಹೋಗುತ್ತದಲ್ಲ! ಅದಕ್ಕೆ ಸ್ವಲ್ಪ ಮೊದಲಿನವರೆಗೆ ಮೇಯರ್ ಕಪ್ಪು ಮನುಷ್ಯ, ಆಗಲೂ ಕಮಿಷನರ್ ಕಪ್ಪು ಮನುಷ್ಯ. ಕುರ್ಚಿಯಲ್ಲಿ ಕೂತವರ ಬಣ್ಣ ಬದಲಾದರೂ ಲೆಕ್ಕ ಹಾಗೇ ಇದ್ದರೆ ಕೆಳಗಿನವನಿಗೆ ಏನೂ ಬದಲಾಗುವುದಿಲ್ಲ ಅನ್ನುವುದು ಅಲ್ಲಿ ಮಾತಿಲ್ಲದೆ ಗೊತ್ತಾಗುತ್ತದೆ.

ಇನ್ನು ಮೂರನೇ ಸೀಸನ್. ನನಗೆ ಕೇಳಿದರೆ ನೇರ ರಾಜಕೀಯದ ಭಾಗ ಇದೇ. ವಾರದ ಸಭೆಯಲ್ಲಿ ನಗರದ ಪ್ರತಿ ಪೊಲೀಸ್ ಜಿಲ್ಲೆಯ ಮೇಜರ್‌ಗಳನ್ನು ಎಲ್ಲರೆದುರು ನಿಲ್ಲಿಸಿ, ಪರದೆ ಮೇಲೆ ಅಂಕಿಗಳನ್ನು ಹಾಕಿ ಬೆವರಿಳಿಸುತ್ತಾರೆ. ಅಪರಾಧ 5% ಇಳಿಯಬೇಕು, ಕೊಲೆ 275 ದಾಟಬಾರದು. ಹೇಗೆ ಅಂತ ಕೇಳಬೇಡಿ. ಆಗ ಕೆಳಗಿನವರು ಏನು ಮಾಡುತ್ತಾರೆ? ದರೋಡೆಯನ್ನು ಕಳ್ಳತನ ಅಂತ ಬರೆಯುತ್ತಾರೆ, ಗಂಭೀರ ಹಲ್ಲೆಯನ್ನು ಸಣ್ಣ ಹೊಡೆದಾಟ ಅಂತ ಬರೆಯುತ್ತಾರೆ. ನಿವೃತ್ತಿ ಹತ್ತಿರ ಇರುವ ಮೇಜರ್ ಬನ್ನಿ ಕಾಲ್ವಿನ್‌ಗೆ ಈ ನಾಟಕ ಸಾಕಾಗಿದೆ. ಅವನು ತನ್ನ ಹುಡುಗರಿಗೆ ಒಂದು ಕಾಗದದ ಚೀಲದ ಕಥೆ ಹೇಳುತ್ತಾನೆ. ಬೀದಿಯಲ್ಲಿ ಕುಡಿಯುವುದು ಕಾನೂನುಬಾಹಿರ, ಆದರೆ ಬಡವನಿಗೆ ಬೀದಿಯೇ ಬಾರು. ಪೊಲೀಸರು ಪ್ರತಿಯೊಬ್ಬನನ್ನೂ ಹಿಡಿಯುತ್ತಾ ಕೂತರೆ ಬೇರೆ ಕೆಲಸ ಆಗಲ್ಲ. ಯಾರೋ ಪುಣ್ಯಾತ್ಮ ಬಾಟಲಿಗೆ ಕಾಗದದ ಚೀಲ ಹಾಕಿದ. ಕುಡಿಯುವವನು ಕುಡಿದ, ಪೊಲೀಸ್ ನೋಡಿಯೂ ನೋಡದ ಹಾಗೆ ಹೋದ, ಇಬ್ಬರ ಮರ್ಯಾದೆಯೂ ಉಳಿಯಿತು. ಡ್ರಗ್ಸ್‌ಗೆ ಮಾತ್ರ ಅಂಥ ಚೀಲ ಯಾರೂ ಹುಡುಕಿಲ್ಲ.

ಹಾಗಂತ ಹೇಳಿ ಅವನೇ ಹುಡುಕುತ್ತಾನೆ. ಯಾರಿಗೂ ಹೇಳದೆ ಕೇಳದೆ, ಜನ ಬಿಟ್ಟುಹೋದ ಕೆಲವು ಬೀದಿಗಳನ್ನು ಗುರುತು ಮಾಡಿ, ಇಲ್ಲಿ ಮಾರಿಕೊಳ್ಳಿ, ಹಿಡಿಯುವುದಿಲ್ಲ, ಬೇರೆ ಕಡೆ ಕಂಡರೆ ಬಿಡುವುದಿಲ್ಲ ಅನ್ನುತ್ತಾನೆ. ಹುಡುಗರು ಆ ಜಾಗಕ್ಕೆ ‘ಹ್ಯಾಂಸ್ಟರ್‌ಡ್ಯಾಮ್’ ಅಂತ ಹೆಸರಿಡುತ್ತಾರೆ. ಉಳಿದ ಬಡಾವಣೆ ತಣ್ಣಗಾಗುತ್ತದೆ, ಹಿರಿಯರು ಮತ್ತೆ ಮನೆ ಮುಂದಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ಜಿಲ್ಲೆಯ ಗಂಭೀರ ಅಪರಾಧ 14% ಇಳಿಯುತ್ತದೆ, ಅದೂ ಕಾಗದದ ಮೇಲಲ್ಲ, ನಿಜವಾಗಿ. ಆದರೆ ಸೀರಿಯಲ್ ಇಲ್ಲಿಗೆ ಚಪ್ಪಾಳೆ ತಟ್ಟಿ ಬಿಡುವುದಿಲ್ಲ. ರಾತ್ರಿ ಹೊತ್ತು ಆ ಬೀದಿಯೊಳಗೆ ಕ್ಯಾಮೆರಾ ಹೋದರೆ ನರಕ. ಚಿಕ್ಕ ಮಕ್ಕಳು ಕೆಲಸ ಇಲ್ಲದೆ ಅಲೆಯುತ್ತಾರೆ, ಖಾಲಿ ಮನೆಯಲ್ಲಿ ಜನ ಸಾಯುತ್ತಾರೆ. ಆರೋಗ್ಯ ಕಾರ್ಯಕರ್ತರು ಹೊಸ ಸೂಜಿ, ಕಾಂಡೋಮ್ ಹಿಡಿದು ಬರುತ್ತಾರೆ, ಯಾಕೆಂದರೆ ಇಷ್ಟು ಜನ ವ್ಯಸನಿಗಳು ಒಂದೇ ಕಡೆ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಒಳ್ಳೆಯದೂ ಕೆಟ್ಟದ್ದೂ ಒಂದೇ ಬೀದಿಯಲ್ಲಿ, ನೀವೇ ತೂಗಿ ನೋಡಿ ಅಂತ ಬಿಡುತ್ತಾರೆ.

ಆಮೇಲೆ ಕೌನ್ಸಿಲರ್ ಕಾರ್ಕೆಟಿ ಬರುತ್ತಾನೆ. ಮೇಯರ್ ಆಗುವ ಆಸೆ ಇರುವವನು. ಕಾಲ್ವಿನ್ ಅವನನ್ನು ಕರೆದುಕೊಂಡು ಹೋಗಿ ತಣ್ಣಗಾದ ಬೀದಿಗಳನ್ನೂ ತೋರಿಸುತ್ತಾನೆ, ಆ ನರಕವನ್ನೂ ತೋರಿಸುತ್ತಾನೆ. ಕಾರ್ಕೆಟಿಗೆ ನಿಜವಾಗಿಯೂ ಮನಸ್ಸು ಕಲಕುತ್ತದೆ, ಅದು ಮುಖದಲ್ಲೇ ಕಾಣುತ್ತದೆ. ಆಮೇಲೆ ಅವನು ಹೋಗಿ ಅದೇ ವಿಷಯ ಇಟ್ಟುಕೊಂಡು ಮೇಯರ್ ಮೇಲೆ ಹರಿಹಾಯುವ ಭರ್ಜರಿ ಭಾಷಣ ಮಾಡುತ್ತಾನೆ. ಅವನು ದುಷ್ಟ ಅಲ್ಲ. ದುಷ್ಟ ಆಗಿದ್ದರೆ ಸುಲಭ ಇತ್ತು. ಅವನಿಗೂ ಒಂದು ಅಂಕಿ ಇದೆ, ವೋಟಿನ ಅಂಕಿ.

ಇದೆಲ್ಲ ಸುಮ್ನೆ ಕಲ್ಪನೆ ಅಂದುಕೊಳ್ಳಬೇಡಿ. ಬಾಲ್ಟಿಮೋರ್ ಮೇಯರ್ ಆಗಿದ್ದ ಕರ್ಟ್ ಶ್ಮೋಕ್ 1988ರಲ್ಲೇ, ಡ್ರಗ್ಸ್ ಸೇವನೆಯನ್ನು ಅಪರಾಧ ಅಂತ ನೋಡುವುದು ಬಿಟ್ಟು ಆರೋಗ್ಯದ ಸಮಸ್ಯೆ ಅಂತ ನೋಡುವ ಬಗ್ಗೆ ಚರ್ಚೆ ಆಗಲಿ ಅಂದಿದ್ದರು. ಎರಡೂ ಪಕ್ಷದವರು ಮುಗಿಬಿದ್ದರು. ಆ ಶ್ಮೋಕ್ ಈ ಸೀಸನ್ನಿನಲ್ಲಿ ಆರೋಗ್ಯ ಆಯುಕ್ತನ ಸಣ್ಣ ಪಾತ್ರದಲ್ಲಿ ಬಂದು ಕಥೆಯ ಮೇಯರ್‌ಗೆ ಸಲಹೆ ಕೊಡುತ್ತಾರೆ! ಅವರ ನಂತರ 1999ರಲ್ಲಿ ಮೇಯರ್ ಆದ ಮಾರ್ಟಿನ್ ಓ'ಮ್ಯಾಲಿ ಕಾಲದಲ್ಲಿ ಅಂಕಿ ನೋಡಿ ಆಡಳಿತ ಮಾಡುವ ಪದ್ಧತಿಗೆ ದೇಶದಲ್ಲೆಲ್ಲ ಹೆಸರು ಬಂತು. ಕಾರ್ಕೆಟಿ ಅಂದರೆ ಅವರೇ ಅಂತ ಜನ ಮಾತಾಡಿಕೊಂಡರು, ಹಲವರನ್ನು ಬೆರೆಸಿ ಮಾಡಿದ ಪಾತ್ರ ಅಂತ ಸೈಮನ್ ಹೇಳುತ್ತಾರೆ. ಅದೇನೇ ಇರಲಿ, 2005ರ ಒಂದೇ ವರ್ಷದಲ್ಲಿ ಆ ಊರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಂಧನಗಳಾದವು. ಊರಿನ ಜನಸಂಖ್ಯೆ ಆರೂವರೆ ಲಕ್ಷದ ಒಳಗೆ. ಎಷ್ಟೋ ಜನರನ್ನು ಕೇಸೇ ಹಾಕದೆ ಬಿಟ್ಟು ಕಳಿಸಿದರು. ಕಾರಣವಿಲ್ಲದೆ ಹಿಡಿದರು ಅಂತ 2006ರಲ್ಲಿ ಮೊಕದ್ದಮೆ ಹೂಡಿದರು, 2010ರಲ್ಲಿ ರಾಜಿಯಾಯಿತು. ಈ ಅಂಕಿ ತಲೆಯಲ್ಲಿಟ್ಟುಕೊಂಡು ಆ ಸಭೆಯ ದೃಶ್ಯ ನೋಡಿ.

ಈಗ ತಮ್ಮನ ಪ್ರಶ್ನೆಯ ಉಳಿದರ್ಧ. ಗ್ಯಾಂಗಿನವರನ್ನು ಮನುಷ್ಯರ ಹಾಗೆ ತೋರಿಸುತ್ತಾರೆ ನಿಜ, ಆದರೆ ಗ್ಯಾಂಗನ್ನು ಒಳ್ಳೆಯದು ಅಂತ ಎಲ್ಲೂ ತೋರಿಸಲ್ಲ. ಗ್ಯಾಂಗೂ ಇನ್ನೊಂದು ಕಚೇರಿ, ಇನ್ನೂ ಕ್ರೂರವಾದದ್ದು. ಬಾರ್ಕ್ಸ್‌ಡೇಲ್ ಗ್ಯಾಂಗಿನ ಎರಡನೇ ನಾಯಕ ಸ್ಟ್ರಿಂಗರ್ ಬೆಲ್ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರ ಕಲಿಯುತ್ತಾನೆ, ಬಂದು ಅದನ್ನು ಹೆರಾಯಿನ್ ವ್ಯಾಪಾರಕ್ಕೆ ಹಚ್ಚುತ್ತಾನೆ. ನೀವು ಇನ್ನೂ ನೋಡಿರದ, ಮೊದಲ ಸೀಸನ್ನಿನ ಒಂದು ಸಣ್ಣ ದೃಶ್ಯ ಹೇಳುತ್ತೇನೆ. ವಾಲೆಸ್ ಅನ್ನುವ ಹುಡುಗ, ಅವನಿಗೇ ಹದಿನಾರು, ಖಾಲಿ ಮನೆಯೊಂದರಲ್ಲಿ ದಿಕ್ಕಿಲ್ಲದ ಪುಟ್ಟ ಮಕ್ಕಳನ್ನು ಸಾಕಿಕೊಂಡಿರುತ್ತಾನೆ, ಪಕ್ಕದಿಂದ ವೈರ್ ಎಳೆದು ಕರೆಂಟ್. ಒಂದು ಮಗು ಗಣಿತದ ಲೆಕ್ಕ ಹೇಳಿಕೊಡು ಅಂತ ಬರುತ್ತದೆ. ಬಸ್ಸಿಗೆ ಇಷ್ಟು ಜನ ಹತ್ತಿದರು, ಇಷ್ಟು ಜನ ಇಳಿದರು, ಉಳಿದವರು ಎಷ್ಟು ಅನ್ನುವಂಥದ್ದು. ಮಗುವಿಗೆ ಆಗುವುದಿಲ್ಲ. ವಾಲೆಸ್ ಅದೇ ಲೆಕ್ಕವನ್ನು ಡ್ರಗ್ಸ್ ಸೀಸೆಗಳಿಗೆ ಬದಲಾಯಿಸಿ ಕೇಳಿದರೆ ಪಟ್ಟನೆ ಉತ್ತರ. ಅದು ಹೇಗೆ ಬಂತು, ಇದು ಯಾಕೆ ಬರಲಿಲ್ಲ ಅಂದರೆ, ಅಲ್ಲಿ ಲೆಕ್ಕ ತಪ್ಪಿದರೆ ಹೊಡೆಯುತ್ತಾರೆ ಅನ್ನುತ್ತದೆ ಮಗು. ಇದು ಯಾರ ಪರ ವಕಾಲತ್ತು, ಹೇಳಿ?

ನಾಲ್ಕನೇ ಸೀಸನ್ನಿನಲ್ಲಿ ಅದೇ ಮಾತು ಶಾಲೆಗೆ ಬರುತ್ತದೆ. ಶಾಲೆ ಬಿಟ್ಟ ಮಕ್ಕಳನ್ನು ಹಿಡಿದು ತರಲು ಒಬ್ಬನನ್ನು ಕೆಲಸಕ್ಕೆ ಇಡುತ್ತಾರೆ. ಸ್ವಲ್ಪ ದಿನ ಆದಮೇಲೆ ಅವನಿಗೆ ಗೊತ್ತಾಗುತ್ತದೆ, ಸೆಪ್ಟೆಂಬರ್‌ನಲ್ಲಿ ಒಂದು ದಿನ, ಅಕ್ಟೋಬರ್‌ನಲ್ಲಿ ಒಂದು ದಿನ ಮಗು ಹಾಜರಿದ್ದರೆ ಸಾಕು, ಶಾಲೆಗೆ ಅನುದಾನ ಬರುತ್ತದೆ. ಆಮೇಲೆ ಆ ಮಗು ಎಲ್ಲಿ ಹೋದರೂ ಯಾರಿಗೂ ಬೇಕಿಲ್ಲ. ಗಣಿತದ ಕ್ಲಾಸಿನಲ್ಲೂ ರಾಜ್ಯದ ಪರೀಕ್ಷೆಯ ಭಾಷಾ ಪ್ರಶ್ನೆಗಳನ್ನೇ ಉಜ್ಜಿಸುತ್ತಾರೆ. ಪೊಲೀಸ್ ಕೆಲಸ ಬಿಟ್ಟು ಮೇಷ್ಟ್ರಾದವನೊಬ್ಬ ಸ್ಟಾಫ್ ಮೀಟಿಂಗಿನಲ್ಲಿ ಕೂತು, ಇದನ್ನು ನಾನು ಹಳೇ ಕೆಲಸದಲ್ಲೇ ನೋಡಿದ್ದೀನಿ ಅನ್ನುತ್ತಾನೆ. ಹೊಸ ಮೇಯರ್‌ಗೆ ಶಾಲೆಗಳ 5.4 ಕೋಟಿ ಡಾಲರ್ ಕೊರತೆ ಕಾಣಿಸುತ್ತದೆ. ರಾಜ್ಯದ ಗವರ್ನರ್ ಷರತ್ತು ಹಾಕಿ ಸಹಾಯ ಮಾಡಲು ಸಿದ್ಧ. ಇವನು ಒಪ್ಪುವುದಿಲ್ಲ, ಯಾಕೆಂದರೆ ಮುಂದೆ ಅದೇ ಗವರ್ನರ್ ಕುರ್ಚಿಗೆ ನಿಲ್ಲಬೇಕಲ್ಲ. ಆ ಒಂದು ‘ಬೇಡ’ ಐದನೇ ಸೀಸನ್ನಿನವರೆಗೆ ಯಾರ್ಯಾರ ಬದುಕಿಗೆ ಬಂದು ತಾಗುತ್ತದೆ ಅಂತ ಹಿಂಬಾಲಿಸಿ ನೋಡಿ.

ಇಷ್ಟೆಲ್ಲ ಹೊಗಳಿದರೂ ನನಗೆ ತಕರಾರುಗಳಿವೆ. ನೀವು ನೋಡಿದ ಎರಡನೇ ಎಪಿಸೋಡನ್ನೇ ತೆಗೆದುಕೊಳ್ಳಿ. ಕುಡಿದ ಮೂವರು ಪೊಲೀಸರು ರಾತ್ರಿ ಬಡವರ ಬಹುಮಹಡಿ ವಸತಿ ಕಟ್ಟಡಗಳ ಹತ್ತಿರ ಹೋಗುತ್ತಾರೆ, ಪ್ರೆಜ್ ಅನ್ನುವವನು 14 ವರ್ಷದ ಹುಡುಗನ ಮುಖಕ್ಕೆ ಪಿಸ್ತೂಲಿನಿಂದ ಹೊಡೆಯುತ್ತಾನೆ, ಹುಡುಗನ ಒಂದು ಕಣ್ಣು ಹೋಗುತ್ತದೆ. ತಂಡದ ಮುಖ್ಯಸ್ಥ ಡೇನಿಯಲ್ಸ್, ನಾವೆಲ್ಲ ಗೌರವಿಸಬೇಕಾದ ಡೇನಿಯಲ್ಸ್, ವಿಚಾರಣೆಯಲ್ಲಿ ಏನು ಹೇಳಬೇಕು ಅಂತ ಅವನಿಗೆ ಹೇಳಿಕೊಡುತ್ತಾನೆ. ಮುಂದೆ ಪ್ರೆಜ್ ನಮಗೆಲ್ಲ ಇಷ್ಟವಾಗುವ ಪಾತ್ರ ಆಗುತ್ತಾನೆ. ಆ ಹುಡುಗ? ಕಥೆಯಲ್ಲಿ ಅವನಿಗೆ ಹೆಚ್ಚು ಜಾಗವೇ ಇಲ್ಲ. ಒಳ್ಳೇ ಪತ್ತೇದಾರರಿಗೆ ಸಮಯ ಕೊಟ್ಟುಬಿಟ್ಟರೆ, ಫೋನ್ ಕೇಳಲು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವ ಒಂದು ಹಳೇ ಪೊಲೀಸ್ ಪ್ರೀತಿ ಈ ಸೀರಿಯಲ್ಲಿನ ಮೂಲೆಯಲ್ಲಿ ಕೂತಿದೆ. 2015ರಲ್ಲಿ ಫ್ರೆಡ್ಡಿ ಗ್ರೇ ಅನ್ನುವ ಯುವಕ ಪೊಲೀಸರ ವಶದಲ್ಲಿದ್ದಾಗ ಆದ ಗಾಯದಿಂದ ತೀರಿಕೊಂಡು ಊರೇ ಹೊತ್ತಿ ಉರಿದಾಗ, 2017ರಲ್ಲಿ ಅಲ್ಲಿನ ಬಂದೂಕು ಪತ್ತೆ ದಳದ ಪೊಲೀಸರೇ ಜನರನ್ನು ದೋಚುತ್ತಿದ್ದರು ಅಂತ ಕೇಂದ್ರದವರು ಹಿಡಿದಾಗ, ಈ ಪ್ರೀತಿ ಎಷ್ಟು ದುಬಾರಿ ಅಂತ ಗೊತ್ತಾಯಿತು. ಸೈಮನ್‌ಗೂ ಅನ್ನಿಸಿರಬೇಕು. 2022ರಲ್ಲಿ ಆ ದಳದ ಬಗ್ಗೆಯೇ ಆರು ಎಪಿಸೋಡ್‌ನ ‘ವಿ ಓನ್ ದಿಸ್ ಸಿಟಿ’ ಮಾಡಿದರು. ಅದರಲ್ಲಿ ಮುದ್ದಾದ ಪೊಲೀಸರು ತುಂಬಾ ಕಡಿಮೆ.

ಹೆಂಗಸರ ಪಾತ್ರಗಳೂ ಕಡಿಮೆ, ತಾಯಂದಿರಂತೂ ಬಹುಪಾಲು ರಾಕ್ಷಸಿಯರು. ಬಡಾವಣೆಯ ಜನ ತಾವೇ ಸೇರಿ ಏನಾದರೂ ಮಾಡಿಕೊಂಡಿದ್ದು ಹೆಚ್ಚು ಕಾಣುವುದಿಲ್ಲ, ಪಾದ್ರಿಗಳು ಬಂದರೂ ಬಹುಪಾಲು ವೋಟಿನ ಲೆಕ್ಕಕ್ಕೇ ಬರುತ್ತಾರೆ. ಏನು ಮಾಡಿದರೂ ಏನೂ ಆಗಲ್ಲ ಅನ್ನುವ ಬೇಸರ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನ್ನ ಅಭಿಪ್ರಾಯ. ಐದನೇ ಸೀಸನ್ನಿನ ಪತ್ರಿಕಾ ಕಚೇರಿಯಲ್ಲಿ ಸೈಮನ್‌ರ ಹಳೇ ಸಿಟ್ಟು ಎದ್ದು ಕಾಣುತ್ತದೆ, ಅಲ್ಲಿನ ಸಂಪಾದಕರಿಗೆ ಕಾರ್ಕೆಟಿಗೆ ಸಿಕ್ಕಷ್ಟು ನ್ಯಾಯವೂ ಸಿಕ್ಕಿಲ್ಲ.

ನೋಡುವುದು ಬಿಡಬೇಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಬೀದಿ ಮಾತು ಅಲ್ಲಿನ ಬೇರೆ ಊರಿನವರಿಗೇ ಕಷ್ಟ. ಮೂರನೇ ಎಪಿಸೋಡಿನ ಚೆಸ್ ಹೇಳಿಕೊಡುವ ದೃಶ್ಯವನ್ನು ಮೊದಲ ಸೀಸನ್ ಮುಗಿದ ಮೇಲೆ ಇನ್ನೊಮ್ಮೆ ನೋಡಿ. ಎರಡನೇ ಸೀಸನ್ ಶುರುವಾದಾಗ ಬೇರೆ ಯಾವುದೋ ಸೀರಿಯಲ್ ಹಾಕಿದ್ದೀನಾ ಅನ್ನಿಸಿ ತುಂಬಾ ಜನ ಅಲ್ಲೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ತಮ್ಮನನ್ನು ಕೂರಿಸಬೇಕು ಅಂತಿದ್ದರೆ ವಾಲೆಸ್ ಲೆಕ್ಕ ಹೇಳಿಕೊಡುವ ಎಂಟನೇ ಎಪಿಸೋಡಿನ ಹೊತ್ತಿಗೆ ಕೂರಿಸಿ.